ಕಾಣೆಯಾದ ಗೆರೆಗಳು

1938ರ ಡಿಸೆಂಬರ್ 19ರಂದು ಬರ್ಲಿನ್‌ನಿಂದ ಸ್ವೀಡನ್‌ಗೆ ಒಂದು ಪತ್ರ ಹೊರಟಿತು. ಯುರೇನಿಯಂಗೆ ನ್ಯೂಟ್ರಾನ್ ತಾಗಿಸಿದರೆ ಅದಕ್ಕಿಂತ ತೀರ ಹಗುರವಾದ ಬೇರಿಯಂನಂಥದ್ದು ಸಿಗುತ್ತಿದೆ, ಏನಿದು ಎಂದು ರಸಾಯನ ವಿಜ್ಞಾನಿ ಆಟೋ ಹಾನ್ ಕೇಳಿದ್ದು ಭೌತ ವಿಜ್ಞಾನಿ ಲೀಸೆ ಮೈಟ್ನರ್ ಅವರನ್ನು. ಮೂವತ್ತು ವರ್ಷ ಅವರ ಜೊತೆ ದುಡಿದಿದ್ದ ಮೈಟ್ನರ್ ನಾಜಿಗಳಿಂದ ತಪ್ಪಿಸಿಕೊಂಡು ಐದು ತಿಂಗಳಾಗಿತ್ತಷ್ಟೆ. ಪರಮಾಣುವಿನ ಬೀಜವೇ ಒಡೆದಿದೆ ಎಂದು ಲೆಕ್ಕ ಹಾಕಿ ವಿವರಿಸಿದವರು ಆಕೆ ಮತ್ತು ಅಕ್ಕನ ಮಗ ಆಟೋ ಫ್ರಿಷ್. ಜನವರಿಯಲ್ಲಿ ಅಚ್ಚಾದ ಬರ್ಲಿನ್ ಪ್ರಬಂಧದಲ್ಲಿ ಮಾತ್ರ ಹಾನ್, ಅವರ ಸಹೋದ್ಯೋಗಿ ಸ್ಟ್ರಾಸ್‌ಮನ್ ಎಂಬ ಎರಡೇ ಹೆಸರು. ಯಹೂದಿ ಮೂಲದ ನಿರಾಶ್ರಿತೆ ಎಂಬುದೂ ಅದಕ್ಕೆ ಕಾರಣ, ಹೆಣ್ಣು ಎಂಬುದೊಂದೇ ಅಲ್ಲ. 1944ರ ರಸಾಯನ ವಿಜ್ಞಾನದ ನೊಬೆಲ್ ಹಾನ್ ಒಬ್ಬರಿಗೇ ಸಂದಿತು.

ವಿಜ್ಞಾನಿಗಳ ಸಹಯೋಗವನ್ನು ಇಂದು ಜಾಲವಾಗಿ ಬಿಡಿಸುತ್ತಾರೆ. ಒಬ್ಬೊಬ್ಬ ಲೇಖಕರಿಗೂ ಒಂದು ಚುಕ್ಕಿ, ಇಬ್ಬರು ಸೇರಿ ಬರೆದರೆ ನಡುವೆ ಒಂದು ಗೆರೆ. ಯಾರಿಗೆ ಎಷ್ಟು ಗೆರೆ ಎಂದು ಎಣಿಸುವುದು ಸುಲಭ. ನನಗೆ ಬೆರಗು ಹುಟ್ಟಿಸುವುದು ಇನ್ನೊಂದು ಅಳತೆ: ಉಳಿದವರು ಒಬ್ಬರನ್ನೊಬ್ಬರು ತಲುಪುವ ಅತಿ ಹತ್ತಿರದ ದಾರಿಗಳಲ್ಲಿ ಎಷ್ಟು ನಿಮ್ಮನ್ನು ಹಾದುಹೋಗುತ್ತವೆ? ಎರಡು ದಡಗಳ ನಡುವೆ ಒಬ್ಬನೇ ಅಂಬಿಗನಿದ್ದಾನೆ ಎನ್ನಿ. ಅವನ ಪರಿಚಯದವರು ನಾಲ್ಕೇ ಮಂದಿ ಇರಬಹುದು, ಆದರೆ ಅವನು ಹುಟ್ಟು ಕೆಳಗಿಟ್ಟರೆ ಈ ದಡದ ಸುದ್ದಿ ಆ ದಡಕ್ಕಿಲ್ಲ. ಎರಡು ಭಾಷೆ ಬಲ್ಲ ದುಭಾಷಿಯೂ ಹಾಗೆಯೇ. ರಸಾಯನಕ್ಕೂ ಭೌತಕ್ಕೂ ಮೈಟ್ನರ್ ಅಂಥ ಅಂಬಿಗರಾಗಿದ್ದರು. ಆ ಪ್ರಬಂಧದಿಂದ ಜಾಲ ಬಿಡಿಸಿದರೆ ದೋಣಿಯೇ ಕಾಣುವುದಿಲ್ಲ.

ಗೆರೆ ಗೆರೆಯನ್ನು ಕರೆಯುತ್ತದೆ ಎಂಬುದು ಇನ್ನೂ ಕ್ರೂರ. ಹೆಚ್ಚು ಜನ ಬಲ್ಲವರ ಜೊತೆಗೇ ಹೊಸಬರು ಸೇರುವುದರಿಂದ ಮೊದಲ ವರ್ಷದ ಕೂದಲೆಳೆಯ ಅಂತರ ಇಪ್ಪತ್ತನೆಯ ವರ್ಷಕ್ಕೆ ಕಂದಕವಾಗುತ್ತದೆ.

‘ಹೆಂಗಸರಿಗೆ ಗೆರೆ ಕಡಿಮೆ, ಏಕೆಂದರೆ ಅವರು ಬರೆಯುವುದೇ ಕಡಿಮೆ’ ಎನ್ನುವವರಿಗೆ ಉತ್ತರ 2020ರಲ್ಲೇ ಬಂದಿದೆ. 83 ದೇಶಗಳ 15 ಲಕ್ಷಕ್ಕೂ ಹೆಚ್ಚು ಲೇಖಕರ ಅಧ್ಯಯನದಲ್ಲಿ, ವರ್ಷಕ್ಕೆ ಬರೆಯುವ ಪ್ರಬಂಧಗಳು ಗಂಡಸರು, ಹೆಂಗಸರು ಇಬ್ಬರದೂ ಸರಿಸುಮಾರು ಒಂದೇ. ವ್ಯತ್ಯಾಸವಿದ್ದದ್ದು ಸಂಶೋಧನೆಯಲ್ಲಿ ಉಳಿದ ಕಾಲದಲ್ಲಿ: ಗಂಡಸರು ಸರಾಸರಿ 11 ವರ್ಷ, ಹೆಂಗಸರು 9.3 ವರ್ಷ. ಅವರು ಬೇಗ ಹೊರಟುಹೋಗುತ್ತಿದ್ದಾರೆ, ಕಡಿಮೆ ಬರೆಯುತ್ತಿಲ್ಲ.

ಬಿಡಿಸದೇ ಬಿಟ್ಟ ಗೆರೆಗಳನ್ನು ಹುಡುಕುವುದು ಹೇಗೆ? 2022ರಲ್ಲಿ ಪ್ರಕಟವಾದ ಸಂಶೋಧನೆ ಇದಕ್ಕೆ ಸಂಬಳದ ಲೆಕ್ಕ ತೆರೆಯಿತು. ಅಮೆರಿಕದ 9,778 ತಂಡಗಳಲ್ಲಿ ಯಾರಿಗೆ ಯಾವ ಅನುದಾನದಿಂದ ಹಣ ಸಂದಿದೆ ಎಂಬ ಪಟ್ಟಿಯನ್ನು ಲೇಖಕರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು. ಗಂಡಸರಿಗೆ ಹೋಲಿಸಿದರೆ ಹೆಂಗಸರ ಹೆಸರು ಪ್ರಬಂಧಗಳಲ್ಲಿ ಬರುವ ಸಾಧ್ಯತೆ ಶೇ. 13ರಷ್ಟು, ಪೇಟೆಂಟ್‌ಗಳಲ್ಲಿ ಶೇ. 58ರಷ್ಟು ಕಡಿಮೆ ಇತ್ತು. ಅವರು ಕೆಲಸಕ್ಕೆ ಬಂದಿದ್ದರು, ಸಂಬಳಕ್ಕೆ ಸಹಿ ಬಿದ್ದಿತ್ತು, ಪ್ರಬಂಧದ ಮೇಲೆ ಹೆಸರು ಬಿದ್ದಿರಲಿಲ್ಲ.