ಎಲೆಗೆ ಸುಣ್ಣ ಸವರಿದಷ್ಟು: ಹಳೆಯ ಪ್ರೊಸೆಸರ್ ಮತ್ತು ಥರ್ಮಲ್ ಪೇಸ್ಟ್

ತುಮಕೂರಿನಲ್ಲಿ ಗುಜರಿಯಿಂದ ಹಳೆಯ ಕಂಪ್ಯೂಟರ್ ತಂದು ಮತ್ತೆ ಓಡಿಸುವ ಹುಚ್ಚಿನವರು ಕೆಲವರಿದ್ದಾರೆ. ಇಬ್ಬರು ಸೇರಿದರೆ ಮಾತು ಥರ್ಮಲ್ ಪೇಸ್ಟಿಗೆ, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್‌ಗೂ ಅದನ್ನು ತಣಿಸುವ ಲೋಹಕ್ಕೂ ನಡುವೆ ಸವರುವ ಪೇಸ್ಟಿಗೆ, ಬಂದು ನಿಲ್ಲುತ್ತದೆ. ಒಣಗಿದ್ದನ್ನು ತೆಗೆಯಬೇಕೋ ಬಿಡಬೇಕೋ? ಹೊಸದನ್ನು ಎಷ್ಟು ಹಾಕಬೇಕು? ಒಬ್ಬರು ಅವರೆಕಾಳಿನಷ್ಟು ಎಂದರೆ ಇನ್ನೊಬ್ಬರು ಸಾಸಿವೆಯಷ್ಟು ಎನ್ನುತ್ತಾರೆ. ಯಾವ ಪ್ರೊಸೆಸರ್‌ಗೆ ಎಂಬುದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ.

1978ರ 8086ರಿಂದ 386ರ ಕಾಲದವರೆಗೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳು ಬಹುಮಟ್ಟಿಗೆ ಬರಿಮೈಯಲ್ಲೇ ದುಡಿದವು. 486ರ ವೇಗದ ಮಾದರಿಗಳಿಗೆ ಹೀಟ್‌ಸಿಂಕ್, ಅಂದರೆ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡು, ಬಂತು. 1993ರಲ್ಲಿ 5 ವೋಲ್ಟ್‌ನ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ಶಾಖ ಉಗುಳತೊಡಗಿದ ಮೇಲೆ ಫ್ಯಾನ್ ಇಲ್ಲದೆ ನಡೆಯದಾಯಿತು.

ಪೇಸ್ಟಿನ ಕೆಲಸ ಸಣ್ಣದು. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಮೈಗಳ ನಡುವೆಯೂ ಸೂಕ್ಷ್ಮ ತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ಕೂತಿರುತ್ತದೆ. ತಾಮ್ರಕ್ಕೆ ಹೋಲಿಸಿದರೆ ಗಾಳಿ ಶಾಖವನ್ನು ಸಾಗಿಸುವುದು ಸುಮಾರು 15,000 ಪಟ್ಟು ಕಡಿಮೆ. ಸಿಲಿಕೋನ್ ಎಣ್ಣೆಗೆ ಸತುವಿನ ಆಕ್ಸೈಡ್ ಬೆರೆಸಿದ ಬಿಳಿ ಪೇಸ್ಟ್ ಆ ಗಾಳಿಗಿಂತ ಎಷ್ಟೋ ವಾಸಿ, ಲೋಹದ ಮುಂದೆ ಏನೂ ಅಲ್ಲ. ಆದ್ದರಿಂದ ತಗ್ಗು ತುಂಬಿದರೆ ಸಾಕು. ಅಡಿಕೆ ಬೆಳೆಯುವ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಲೆಗೆ ಸುಣ್ಣ ಸವರಿದಷ್ಟು. ಹೆಚ್ಚಾದರೆ ಬಾಯಿ ಸುಡುತ್ತದೆ.

ಜಗಳ ನಿಜವಾಗಿ ಹುಟ್ಟಿದ್ದು 2000ದ ನಂತರದ ಐದಾರು ವರ್ಷಗಳಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದು ಜೋಡಿಸುತ್ತಿದ್ದ ಕಾಲ ಅದು. ಎಎಂಡಿ ಕಂಪನಿಯ ಆಗಿನ ಅಥ್ಲಾನ್ ಪ್ರೊಸೆಸರ್‌ಗೆ ಮೇಲು ಮುಚ್ಚಳವಿರಲಿಲ್ಲ. ಉಗುರಿನಷ್ಟು ಸಿಲಿಕಾನ್ ತುಣುಕು ಬೆತ್ತಲೆ ಕೂತಿರುತ್ತಿತ್ತು; ಸುತ್ತ ನಾಲ್ಕು ರಬ್ಬರ್ ಗುಂಡಿಗಳೇ ಅದರ ಕಾವಲು. ಹೀಟ್‌ಸಿಂಕಿನ ಕ್ಲಿಪ್ ಕೂರಿಸುವಾಗ ಒಂದು ಕಡೆ ಒತ್ತಡ ಹೆಚ್ಚಾದರೆ ಮೂಲೆ ಸೀಳುತ್ತಿತ್ತು. ಅಷ್ಟು ಸಣ್ಣ ತುಣುಕಿಗೆ ಪೇಸ್ಟ್ ಸಾಸಿವೆಯಷ್ಟೇ ಸರಿ. ಮೇಲ್ಮೈಯಲ್ಲೇ ವಿದ್ಯುತ್ ಸಂಪರ್ಕದ ಚುಕ್ಕೆಗಳಿದ್ದುದರಿಂದ ವಿದ್ಯುತ್ ಹರಿಸುವ ಪೇಸ್ಟ್ ಅಲ್ಲಿಗೆ ಹರಿದರೆ ಕಥೆ ಮುಗಿಯಿತು. ಅದೇ ಹೊತ್ತಿಗೆ ಬಂದ ಪೆಂಟಿಯಂ 4ಕ್ಕೆ ಅಗಲವಾದ ಲೋಹದ ಮುಚ್ಚಳವಿತ್ತು. ಅಲ್ಲಿ ಸ್ವಲ್ಪ ಹೆಚ್ಚು ಬೇಕು. ಎರಡೂ ಅಳತೆಗಳು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮೇಜಿನ ಮೇಲೆ ಬೆರೆತುಹೋದವು. ಕಲಿಸಿದವರೂ ನೋಡಿ ಕಲಿತವರೇ ಆಗಿದ್ದರು.

ಸಾಕೆಟ್ 478 ಎಂಬ ಗೂಡಿನಲ್ಲಿ ಪಿನ್ನೂರಿ ಕೂರುವ ಪೆಂಟಿಯಂ 4 ಇನ್ನೊಂದು ಪಾಠ ಕಲಿಸಿತು. ವರ್ಷಗಳ ಕಾಲ ಬೆಂದ ಪೇಸ್ಟ್ ಅಂಟಿನಂತಾಗುತ್ತದೆ. ನಾನೊಮ್ಮೆ ಹೀಟ್‌ಸಿಂಕನ್ನು ನೇರ ಮೇಲಕ್ಕೆ ಎಳೆದೆ. ಬೀಗ ಬಿಗಿದಿದ್ದ ಸಾಕೆಟ್ಟಿನಿಂದ ಪ್ರೊಸೆಸರೂ ಕಿತ್ತು ಬಂತು. ಬಾಗಿದ ಪಿನ್ನುಗಳನ್ನು ಸೀಸ ತೆಗೆದ ಕ್ಲಿಕ್ ಪೆನ್ಸಿಲಿನ ತುದಿಯಿಂದ ಒಂದೊಂದಾಗಿ ನೆಟ್ಟಗೆ ಮಾಡುತ್ತ ಇಡೀ ಭಾನುವಾರ ಕಳೆಯಿತು. ಯಂತ್ರವನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಆರಿಸಿ, ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದರೆ ಪೇಸ್ಟ್ ಹಿಡಿತ ಬಿಡುತ್ತದೆ ಎಂದು ತಿಳಿದದ್ದು ಆಮೇಲೆ.

ಒರೆಸುವ ವಿಷಯಕ್ಕೂ ಇಂಥದ್ದೇ ಇತಿಹಾಸ. ಕೈಗೆ ಸಿಕ್ಕಿದ ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಎಲ್ಲವೂ ಬಳಕೆಯಾಗಿವೆ. ಥಿನ್ನರ್ ಪೇಸ್ಟಿನ ಜೊತೆಗೆ ಪ್ರೊಸೆಸರ್ ಮೇಲಿನ ಅಕ್ಷರಗಳ ಅಚ್ಚನ್ನೂ ಅಳಿಸಬಲ್ಲದು. ಸಂಗ್ರಹಿಸುವವರಿಗೆ ಆ ಅಚ್ಚೇ ಅದರ ಜಾತಕ. ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಕೂಡ ಪ್ರಯೋಗವಾಯಿತು. ಅದರಲ್ಲಿನ ನೀರು, ಗ್ಲಿಸರಿನ್ ಇಲ್ಲಿ ಬೇಡದ ವಸ್ತುಗಳು. ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಕಾಫಿ ಫಿಲ್ಟರಿನಿಂದ ಒರೆಸಿ ಎಂಬ ವಿದೇಶಿ ಸಲಹೆ ಓದಿ ನಮ್ಮವರೊಬ್ಬರು ಮನೆಯ ಹಿತ್ತಾಳೆ ಫಿಲ್ಟರನ್ನು ದಿಟ್ಟಿಸಿದ್ದುಂಟು, ಅಲ್ಲಿಯದು ಕಾಗದದ್ದು. ಕನ್ನಡಕ ಒರೆಸುವ ಬಟ್ಟೆಯಿಂದ ಕೆಲಸವಾಗುತ್ತದೆ.

ಈಚಿನ ಮೋಹ ಪೇಸ್ಟಿನ ಬದಲು ಹಾಕುವ ದ್ರವಲೋಹದ್ದು. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ಒಳಗಿನಿಂದ ಪುಡಿಪುಡಿ ಮಾಡುತ್ತದೆ. ಹಳೆಯ ಹೀಟ್‌ಸಿಂಕುಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವೇ. ವರ್ಷಕ್ಕೊಮ್ಮೆ ಪೇಸ್ಟ್ ಬದಲಿಸಬೇಕೆಂಬ ವ್ರತವೂ ಹಳೆಯ ಯಂತ್ರಗಳಿಗೆ ಒಳ್ಳೆಯದಲ್ಲ. ಬಿಸಿ ಏರದೆ ಓಡುತ್ತಿದ್ದರೆ ಕ್ಲಿಪ್ ಮುಟ್ಟದಿರುವುದೇ ಮೇಲು. ಪ್ರತಿ ಸಲ ಬಿಚ್ಚಿದಾಗಲೂ ಪಿನ್ ಬಾಗುವ ಅವಕಾಶವೊಂದು ಹೆಚ್ಚುತ್ತದೆ.

ಸೆರಾಮಿಕ್ ಮೈಯ ಪೆಂಟಿಯಂಗಳನ್ನು ಗುಜರಿಯವರು ಈಗ ಬೇರೆ ಡಬ್ಬಿಯಲ್ಲಿ ಇಡುತ್ತಾರೆ, ಪಿನ್ನಿನ ಚಿನ್ನದ ಲೇಪಕ್ಕಾಗಿ. ಕೆಲವುಗಳ ಬೆನ್ನಿಗೆ ಬಿಳಿ ಪೇಸ್ಟ್ ಇನ್ನೂ ಗಾರೆಯಂತೆ ಹತ್ತಿಕೊಂಡಿದೆ. ಅವರು ಅದನ್ನು ಒರೆಸುವುದಿಲ್ಲ, ಮಾರುವುದು ತೂಕಕ್ಕೆ.