ಆ ನಮೂನೆ ತುಂಬಲು ಒಂದು ಗಂಟೆ ಬೇಕು

ಗಂಡನ ಮನೆಯ ಕಾಟ ತಾಳಲಾರದೆ ಹೊರಗೆ ಬಂದ ಹೆಣ್ಣುಮಗಳಿಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಹೊಡೆದನೇನಮ್ಮಾ?’ ಎಂಬುದು. ಗಾಯ ಕಂಡರೆ ಠಾಣೆಗೆ ಗಂಡನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಕಾಣದಿದ್ದರೆ, ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ ಕಳುಹಿಸುತ್ತಾರೆ. ತಾಲ್ಲೂಕು ನ್ಯಾಯಾಲಯದಲ್ಲಿ ಇಂಥ ಅರ್ಜಿಗಳನ್ನು ನಡೆಸುವ ವಕೀಲೆಯಾಗಿ ನಾನು ಹೇಳಬೇಕಾದದ್ದು ಇಷ್ಟೇ: 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆ ಪ್ರಶ್ನೆಯನ್ನೇ ಬದಲಿಸಿತು. ಹೊಸ ಪ್ರಶ್ನೆಗಳನ್ನು ಕೇಳಲು ಪುರುಸೊತ್ತಿರುವ ಅಧಿಕಾರಿಯನ್ನು ಮಾತ್ರ ಸರ್ಕಾರ ಇನ್ನೂ ಕೊಟ್ಟಿಲ್ಲ.

ಈ ಕಾಯ್ದೆಯಡಿ ದೂರು ಬಂದಾಗ ತುಂಬುವ, ನಾವು ಡಿಐಆರ್ ಎಂದು ಕರೆಯುವ ಕೌಟುಂಬಿಕ ಘಟನಾ ವರದಿಯ ನಮೂನೆಯನ್ನು ಒಮ್ಮೆ ಓದಿ ನೋಡಿ. ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಊಟ, ಬಟ್ಟೆ, ಔಷಧಿಗೆ ಹಣ ಕೊಡದಿರುವುದು, ಸ್ತ್ರೀಧನವನ್ನು ಹೇಳದೆ ಕೇಳದೆ ಗಿರವಿ ಇಡುವುದು, ಮನೆಯ ಒಂದು ಭಾಗಕ್ಕೆ ಕಾಲಿಡದಂತೆ ಮಾಡುವುದು, ಗಂಡು ಮಗು ಹೆರಲಿಲ್ಲವೆಂದು ಹೀಯಾಳಿಸುವುದು ಎಲ್ಲವೂ ಅಲ್ಲಿ ಒಂದೊಂದಾಗಿ ಅಚ್ಚಾಗಿವೆ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ‘ಅವರು ಹೊಡೆಯುವುದಿಲ್ಲ ಮೇಡಂ’ ಎಂದೇ ಮಾತು ಶುರು ಮಾಡಿದ್ದಳು. ಸಂಬಳದ ಸಾಲಿಗೆ ಬಂದಾಗ, ಎಟಿಎಂ ಕಾರ್ಡ್ ಮದುವೆಯಾದ ತಿಂಗಳಿನಿಂದ ಗಂಡನ ಹತ್ತಿರವೇ ಇದೆ ಎಂದಳು. ಬಸ್ ಚಾರ್ಜಿಗೆ ದಿನವೂ ಅತ್ತೆಯ ಮುಂದೆ ಕೈಯೊಡ್ಡಬೇಕು. ತವರಿನವರು ಹಾಕಿದ ಓಲೆ, ಸರ ಸೊಸೈಟಿಯಲ್ಲಿ ಗಿರವಿ ಬಿದ್ದಿದ್ದವು. ಕಾಗದಕ್ಕೆ ಸಹಿ ಅವಳದೇ, ಯಾತಕ್ಕೆಂದು ಯಾರೂ ಹೇಳಿರಲಿಲ್ಲ. ಲೈಂಗಿಕ ಹಿಂಸೆಯ ಸಾಲುಗಳನ್ನು ಓದಿದಾಗ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅದನ್ನು ಇನ್ನೊಮ್ಮೆ ಓದಿ’ ಎಂದಳು.

ಅವಸರದಲ್ಲಿ ಗುರುತು ಹಾಕುತ್ತಾ ಹೋದರೆ ಇದು ಯಾವುದೂ ಹೊರಬರುವುದಿಲ್ಲ. ಬಾಗಿಲು ಮುಚ್ಚಿಕೊಂಡು, ಜೊತೆಗೆ ಬಂದ ಭಾವನನ್ನೋ ದೊಡ್ಡಪ್ಪನನ್ನೋ ಹೊರಗೆ ಕೂರಿಸಿ, ಕನಿಷ್ಠ ಒಂದು ಗಂಟೆ ಕೇಳಬೇಕು.

ಕೇಳಬೇಕಾದವರು ಈ ಕಾಯ್ದೆಯಡಿ ನೇಮಕವಾಗುವ ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗೆ ಬಿದ್ದಿದೆ. ಇಡೀ ತಾಲ್ಲೂಕಿನ ಅಂಗನವಾಡಿಗಳು, ಮೊಟ್ಟೆ, ಹಾಲಿನ ಲೆಕ್ಕ, ಕಾರ್ಯಕರ್ತೆಯರ ನೇಮಕಾತಿ, ಈಗ ಗೃಹಲಕ್ಷ್ಮಿ ಹಣ ಬಂದಿಲ್ಲವೆಂದು ಬರುವವರ ಸಾಲು, ಇವೆಲ್ಲ ಮುಗಿದ ಮೇಲೆ ಅವರು ಸಂರಕ್ಷಣಾಧಿಕಾರಿ. ನಾನು ಕಂಡ ಬಹುತೇಕರು ಕಕ್ಕುಲಾತಿ ಇರುವ ಹೆಂಗಸರು. ಸಂಜೆ ಏಳಕ್ಕೂ ಕಚೇರಿಯಲ್ಲಿರುತ್ತಾರೆ. ಹಾಗಿದ್ದೂ ಡಿಐಆರ್ ಎರಡು ಸಾಲಿನಲ್ಲಿ ಮುಗಿದಿರುತ್ತದೆ. ಕರ್ತವ್ಯಲೋಪ ಎಸಗಿದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಜೈಲು ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಪೂರ್ಣಾವಧಿಯ ಹುದ್ದೆಯನ್ನೇ ಸೃಷ್ಟಿಸದೆ ಇಂಥ ಶಿಕ್ಷೆಯನ್ನು ಬರೆದಿಡುವುದು ಅನ್ಯಾಯ.

ಇದರ ಪೆಟ್ಟು ನ್ಯಾಯಾಲಯದಲ್ಲಿ ಕಾಣುತ್ತದೆ. ಕಾಯ್ದೆಯ ಪ್ರಕಾರ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಅಲ್ಲಿಂದ 60 ದಿನಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು. ನೋಟಿಸ್ ಜಾರಿ ಮಾಡಿಸುವ ಕೆಲಸವೂ ಸಂರಕ್ಷಣಾಧಿಕಾರಿಯದೇ. ‘ನೋಟಿಸ್ ಜಾರಿಯಾಗಿಲ್ಲ’ ಎಂಬ ಒಂದೇ ಕಾರಣಕ್ಕೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ; ಅಷ್ಟರಲ್ಲಿ ಮಕ್ಕಳ ಶಾಲೆಯ ಫೀಸು ಕಟ್ಟುವ ದಿನ ದಾಟಿ ಹೋಗಿರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ಶೇ 44.4 ಇತ್ತು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6. ಈ ಲೆಕ್ಕ ದೈಹಿಕ ಮತ್ತು ಲೈಂಗಿಕ ಹಿಂಸೆಯದು ಮಾತ್ರ. ಕಿತ್ತಿಟ್ಟುಕೊಂಡ ಎಟಿಎಂ ಕಾರ್ಡ್ ಅದರಲ್ಲಿ ಸೇರಿಲ್ಲ. 2025ರ ಮೇ ತಿಂಗಳಲ್ಲಿ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠವು, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ಆದೇಶ ದೊಡ್ಡದು. ಆದರೆ ಇರುವ ಅಧಿಕಾರಿಯ ಬಾಗಿಲಿಗೆ ಇನ್ನೊಂದು ಫಲಕ ಹಾಕಿಯೂ ಅದನ್ನು ಪಾಲಿಸಿದ್ದೇವೆ ಎನ್ನಬಹುದು ಎಂಬುದೇ ನನ್ನ ಆತಂಕ. ಬೇಕಾಗಿರುವುದು ಪ್ರತ್ಯೇಕ ವೃಂದ, ಬಜೆಟ್ಟಿನಲ್ಲಿ ಅದರ ಸಂಬಳಕ್ಕೆ ಒಂದು ಸಾಲು, ನೋಟಿಸ್ ಕೊಡಲು ಹಳ್ಳಿಗೆ ಹೋಗಿಬರಲು ಒಂದು ವಾಹನ.

ಅಲ್ಲಿಯವರೆಗೆ ಕಾಯುತ್ತಾ ಕೂರಬೇಕಿಲ್ಲ. ಡಿಐಆರ್ ಇಲ್ಲದೆಯೂ ಮ್ಯಾಜಿಸ್ಟ್ರೇಟರು ಆದೇಶ ನೀಡಬಹುದು ಎಂದು 2022ರ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮನೆ ಮಾವನ ಹೆಸರಿನಲ್ಲಿದೆ ಎಂಬ ಮಾತಿಗೂ ಹೆದರಬೇಡಿ. ಮನೆ ಗಂಡನ ಸಂಬಂಧಿಕರದ್ದಾದರೂ ಅದು ಕಾಯ್ದೆ ಹೇಳುವ ‘ಹಂಚಿಕೊಂಡು ಬಾಳಿದ ಮನೆ’, ಅಂದರೆ ಹೆಂಡತಿಗೆ ವಾಸದ ಹಕ್ಕಿರುವ ಮನೆಯಾಗಬಹುದು ಎಂದು 2020ರಲ್ಲೇ ತೀರ್ಪಾಗಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಮೊದಲ ದಿನವೇ 23ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶ ಕೇಳಿ. ಒಡವೆಗಳ ಪಟ್ಟಿ, ಗಿರವಿ ಚೀಟಿ, ಪಾಸ್‌ಬುಕ್ ಕೈಯಲ್ಲಿರಲಿ. ಗಂಡ ಸಂಬಳದ ನೌಕರನಾಗಿದ್ದು, ಆದೇಶದಂತೆ ಹಣ ಕೊಡದಿದ್ದರೆ, ಜೀವನಾಂಶವನ್ನು ಅವನ ಸಂಬಳದಿಂದಲೇ ನೇರವಾಗಿ ಕೊಡುವಂತೆ ಮಾಲೀಕನಿಗೆ ಆದೇಶಿಸಲು ಕೋರಬಹುದು. ಆದೇಶದ ಪ್ರತಿಗೆ ಹಣ ಕೊಡಬೇಕಿಲ್ಲ. ನಿಮ್ಮ ವ್ಯಾಪ್ತಿಯ ಠಾಣೆಗೂ ಒಂದು ಪ್ರತಿ ತಲುಪಿದೆಯೇ ಎಂದು ಅದೇ ವಾರ ವಿಚಾರಿಸಿ.