ತಾನಾಗಿಯೇ ಹೋದರೆ ಪುಸಲಾಯಿಸಿದಂತೆ ಹೇಗಾಯಿತು?

ಪ್ರಶ್ನೆ: ‘ಬಾಲಕಿಯನ್ನು ಪುಸಲಾಯಿಸಿ ಕರೆದೊಯ್ದ’ ಎಂದು ಪತ್ರಿಕೆಗಳು ಬರೆಯುತ್ತವೆ. ಅವಳು ತಾನಾಗಿಯೇ ಹೋಗಿದ್ದರೆ ಈ ಮಾತು ತಪ್ಪಲ್ಲವೇ?
– ಓದುಗರು, ಉಡುಪಿ

ಉತ್ತರ: ತಪ್ಪಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಸವಿಮಾತು, ಹೊಗಳಿಕೆ, ಆಸೆ ತೋರಿಸಿ ಇನ್ನೊಬ್ಬರ ಮನಸ್ಸನ್ನು ತನಗೆ ಬೇಕಾದತ್ತ ಒಲಿಸಿಕೊಳ್ಳುವುದೇ ಪುಸಲಾಯಿಸುವುದು. ‘ಕೈಹಿಡಿದು ಎಳೆಯಲಿಲ್ಲವಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದೇ ಇಲ್ಲ. ಎಳೆದಿದ್ದರೆ ‘ಎಳೆದೊಯ್ದ’ ಎನ್ನುತ್ತಿದ್ದೆವು. ‘ಬಲವಂತವಾಗಿ ಪುಸಲಾಯಿಸಿ’ ಎಂದು ಬರೆಯುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಬಲವಂತ ಬಂದಲ್ಲಿ ಪುಸಲಾಯಿಸುವ ಕೆಲಸವೇ ಇಲ್ಲ.

‘ಮಲ್ಪೆ ಬೀಚಿಗೆ ಹೋಗಿ ಸಂಜೆಯೊಳಗೆ ಬರೋಣ, ಹೊಸ ಮೊಬೈಲ್ ಕೊಡಿಸುತ್ತೇನೆ, ಮನೆಯಲ್ಲಿ ಮಾತ್ರ ಹೇಳಬೇಡ’ ಎಂದವನನ್ನು ನಂಬಿ ಹದಿನೈದರ ಹುಡುಗಿ ಸಿಟಿ ಬಸ್ ನಿಲ್ದಾಣಕ್ಕೆ ನಡೆದು ಬಂದಳೆನ್ನಿ. ನಡೆದದ್ದು ಅವಳೇ, ನಡೆಸಿದ್ದು ಅವನ ಮಾತು. ಅವಳ ‘ಇಷ್ಟ’ವನ್ನು ಅವನು ಕೂತು ಹೆಣೆದಿದ್ದಾನೆ. ಅದನ್ನೇ ತೋರಿಸಿ ‘ಇಷ್ಟಪಟ್ಟೇ ಬಂದಳು’ ಎನ್ನುವುದು ಅನ್ಯಾಯ. ‘ಮನೆಯಲ್ಲಿ ಹೇಳಬೇಡ’ ಎಂಬ ಆ ಒಂದು ಮಾತನ್ನು ದಯವಿಟ್ಟು ಗಮನಿಸಿ.

ಕಾನೂನಿನ ನಿಲುವೂ ಇದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನ ಪ್ರಕಾರ, 18 ತುಂಬದ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಅವರ ಆಶ್ರಯದಿಂದ ಕರೆದೊಯ್ದರೂ, ಪುಸಲಾಯಿಸಿ ಒಯ್ದರೂ ಅಪಹರಣವೇ. ಶಿಕ್ಷೆ 7 ವರ್ಷದವರೆಗೆ. ಮಗು ‘ಹೂಂ’ ಎಂದಿತೆಂಬುದು ಅಲ್ಲಿ ರಕ್ಷಣೆಯಾಗದು. ಹಳೆಯ ದಂಡ ಸಂಹಿತೆಯಲ್ಲಿ ಹುಡುಗರಿಗೆ ಈ ವಯೋಮಿತಿ 16 ಇತ್ತು. ಈಗ ಎಲ್ಲ ಮಕ್ಕಳಿಗೂ ಒಂದೇ.

ಹಾಗೆಂದು ಜೊತೆಗೆ ಹೋದವರೆಲ್ಲ ಪುಸಲಾಯಿಸಿದವರಲ್ಲ. 1960ರ ದಶಕದ ವರದರಾಜನ್ ಪ್ರಕರಣದಲ್ಲಿ, ವಯಸ್ಕಳಾಗುವ ಹೊಸ್ತಿಲಲ್ಲಿದ್ದ ಯುವತಿ ತಾನೇ ಫೋನ್ ಮಾಡಿ ಆರೋಪಿಯನ್ನು ಕರೆಸಿಕೊಂಡಿದ್ದಳು. ಬರೀ ಜೊತೆಗೂಡಿದ್ದು ಅಪಹರಣವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಮನಸ್ಸು ತಿರುಗಿಸುವ ಕೆಲಸ ನಡೆದಿತ್ತೇ ಎಂಬುದೇ ಮುಖ್ಯ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಈ ಕ್ರಿಯಾಪದ ಅಪರಾಧ ಸುದ್ದಿಗಷ್ಟೇ ಮೀಸಲಲ್ಲ. ‘ಗಂಜಿ ಉಂಡರೆ ರಾತ್ರಿ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗುತ್ತೇನೆ’ ಎಂದು ಅಜ್ಜಿ ಮೊಮ್ಮಗನನ್ನು ಪುಸಲಾಯಿಸುತ್ತಾರೆ. ಮನೆಯವರೆಲ್ಲರ ಎದುರೇ, ಅವನ ಹೊಟ್ಟೆಗಾಗಿಯೇ. ಆದರೆ ಅದೇ ಆಟದಲ್ಲಿ ಕೈಕೇಯಿಯ ಮುಂದೆ ಮಂಥರೆ ಮಾಡುವುದನ್ನು ಪುಸಲಾಯಿಸುವುದು ಎನ್ನಬೇಡಿ. ಅವಳು ಭಯ ಹುಟ್ಟಿಸಿ ಎತ್ತಿಕಟ್ಟುತ್ತಾಳೆ. ಅದಕ್ಕೆ ಚಿತಾವಣೆ ಎಂಬ ಪದವೇ ಇದೆ.